ಭಾನುವಾರದ ಒಂದೂವರೆ ಪುಟ

ನಾನು ಗುರುವಾರದವನು. ಆದ್ದರಿಂದ ಇಲ್ಲಿ ನಾನೇ ಕಂಡದ್ದೆಂದು ಬರೆದಿರುವುದೆಲ್ಲ ಗುರುವಾರಗಳಲ್ಲಿ ನಡೆದದ್ದು. ಬೇರೆ ದಿನಗಳ ಸಂಗತಿ ಬಂದಲ್ಲಿ ಅದನ್ನು ಯಾರು ಹೇಳಿದರು, ಅಥವಾ ಎಲ್ಲಿ ಓದಿದೆ ಎಂಬುದನ್ನು ಅಲ್ಲಲ್ಲೇ ತಿಳಿಸಿದ್ದೇನೆ.

ನಮ್ಮೂರಿನಲ್ಲಿ ಯಾವ ವಾರ ಹುಟ್ಟುತ್ತೇವೋ ಆ ವಾರದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಕಲಿತ ವಿದ್ಯೆ, ಮುಖ, ಹೆಸರು, ಮನೆಗೆ ಹೋಗುವ ದಾರಿ, ಇವು ಎಲ್ಲರಿಗೂ ಏಳೂ ದಿನ ಇರುತ್ತವೆ. ನಡೆದದ್ದು, ಆಡಿದ್ದು, ಕೇಳಿದ್ದು ಮಾತ್ರ ಅವರವರ ವಾರಕ್ಕೆ ಸೇರಿದ್ದು. ಉಳಿದ ದಿನಗಳದ್ದು ಒಂದು ನಿದ್ದೆ ಮುಗಿಯುವಷ್ಟರಲ್ಲಿ ಹೋಗಿರುತ್ತದೆ. ಇದರಿಂದ ಬಹಳ ತೊಂದರೆಯಾಗಬೇಕು ಎಂದು ಹೊರಗಿನವರು ಭಾವಿಸುತ್ತಾರೆ. ಹಾಗೇನಿಲ್ಲ. ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಮನೆಪುಸ್ತಕ ನೇತಾಡುತ್ತಿರುತ್ತದೆ. ಬೆಳಿಗ್ಗೆ ಎದ್ದು ಅದನ್ನು ಓದಿ, ಆಮೇಲೆ ಮುಖ ತೊಳೆಯುತ್ತೇವೆ. ಹೆಣ್ಣು ನೋಡುವಾಗ ಬೇರೆ ವಾರದವರನ್ನೇ ಹುಡುಕುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೇ ವಾರದವರಾದರೆ ಆ ಮನೆಯ ಆರು ದಿನಗಳಿಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ನನ್ನ ಹೆಂಡತಿ ಕಾತ್ಯಾಯಿನಿ ಸೋಮವಾರದವಳು. ನಮ್ಮ ಮದುವೆ ಸೋಮವಾರ ನಡೆಯಿತು. ಚೆನ್ನಾಗಿತ್ತು ಎಂದು ಹೇಳುತ್ತಾಳೆ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಊರಿನ ಪಿಂಗಾಣಿ ಕಂಪನಿಯ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಾಲ್ಕು ಸಾವಿರ ಜನ ದುಡಿಯುವ ಕಂಪನಿ. ಕಪ್ಪು, ಬಸಿ, ತಟ್ಟೆ ಎಲ್ಲವನ್ನೂ ಮಾಡುತ್ತದೆ. ಅದಕ್ಕೆ ಎಪ್ಪತ್ತೈದು ತುಂಬಿದಾಗ ಚರಿತ್ರೆ ಬರೆಸಬೇಕೆಂದು ಆಡಳಿತ ತೀರ್ಮಾನಿಸಿ ಆರು ಜನರ ಸಮಿತಿ ಮಾಡಿತು: ಸೋಮವಾರದಿಂದ ಶನಿವಾರದವರೆಗೆ ವಾರಕ್ಕೊಬ್ಬರು. ಭಾನುವಾರದವರು ಇರಲಿಲ್ಲ. ಭಾನುವಾರ ಕಂಪನಿಗೆ ರಜ. ಅಲ್ಲದೆ ಭಾನುವಾರದವರನ್ನು ಕಂಪನಿ ಕಾಯಂ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗೆ ಮಾಡಿದ ಕೆಲಸವೂ ನೆನಪಿರುವುದಿಲ್ಲ, ತಪ್ಪಿಗೆ ಬೈದದ್ದೂ ನೆನಪಿರುವುದಿಲ್ಲ ಎಂಬುದು ಆಡಳಿತದ ವಾದ.

ನಾನು ಕಾರ್ಯದರ್ಶಿ. ಸಭೆಯಲ್ಲಿ ಆದದ್ದು ಕಾರ್ಯದರ್ಶಿಗಾದರೂ ನೆನಪಿರಲಿ ಎಂದು ಸಭೆಗಳನ್ನು ಗುರುವಾರ ಹನ್ನೊಂದಕ್ಕೆ ಇಟ್ಟರು. ಉಳಿದ ಐವರು ಪ್ರತಿ ಗುರುವಾರ ಹೊಸದಾಗಿ ಬರುತ್ತಿದ್ದರು. ಹಿಂದಿನ ಸಭೆಯ ನಡವಳಿಯನ್ನು ನಾನು ಓದುತ್ತಿದ್ದೆ, ಅವರು ಕೇಳಿ ಸಹಿ ಹಾಕುತ್ತಿದ್ದರು. ನಡವಳಿಯಲ್ಲಿ ಇದ್ದದ್ದು ನಡೆದದ್ದು, ಇಲ್ಲದ್ದು ನಡೆಯಲಿಲ್ಲ. ಇಂಥ ಅಧಿಕಾರವನ್ನು ನಾನು ಕೇಳಿ ಪಡೆದವನಲ್ಲ.

ಬರವಣಿಗೆ ಸುಲಭವಾಗಿರಲಿಲ್ಲ. ಬುಧವಾರದವರು ಬರೆದ ಅಧ್ಯಾಯದಲ್ಲಿ ಕಂಪನಿಯ ಸ್ಥಾಪಕರು ಮಹಾ ಸಿಡುಕರು, ಶುಕ್ರವಾರದವರ ಅಧ್ಯಾಯದಲ್ಲಿ ಉದಾರಿಗಳು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯೋಣವೆಂದು ಒಬ್ಬರು ಸೂಚಿಸಿದರು. ಮನುಷ್ಯನ ಸರಾಸರಿ ತೆಗೆಯಲು ಬರುವುದಿಲ್ಲ ಎಂದು ನಾನು ಹೇಳಬೇಕಾಯಿತು. ನಾನು ಕೆಲಸಕ್ಕೆ ಸೇರುವ ಮೊದಲಿನ ದೊಡ್ಡ ಮುಷ್ಕರ ಒಂದು ಮಂಗಳವಾರ ಶುರುವಾಗಿ ಶನಿವಾರ ಮುಗಿದಿತ್ತು. ಮಂಗಳವಾರದ ಸದಸ್ಯೆ ಅಂಬುಜಾಕ್ಷಿಯವರು ಅದನ್ನು ಇಪ್ಪತ್ತು ಪುಟ ಬರೆದಿದ್ದರು, ಓದಿದರೆ ಮೈ ಬಿಸಿಯಾಗುತ್ತಿತ್ತು. ಶನಿವಾರದ ಸದಸ್ಯರು ಇಮಾಮ್ ಸಾಬರು, ಭಟ್ಟಿಯ ನಿವೃತ್ತ ಮೇಸ್ತ್ರಿ. ಅವರ ಬರಹದಲ್ಲಿ ಮುಷ್ಕರವೆಂದರೆ ಗೇಟಿನ ಮುಂದೆ ಎಲ್ಲರಿಗೂ ಬೂಂದಿ ಹಂಚಿದ್ದು, ಅಷ್ಟೆ. ನಡುವೆ ಏನಾಯಿತೆಂದು ಬುಧವಾರದವರನ್ನು ಕೇಳಿದರೆ, "ಆವತ್ತು ಕ್ಯಾಂಟೀನು ಮುಚ್ಚಿತ್ತು, ನಾನು ಮನೇಲಿದ್ದೆ" ಎಂದರು.

ಇಷ್ಟರ ಮಧ್ಯೆ ಹೊನ್ನೂರಮ್ಮ ಬಂದರು.

ಎಪ್ಪತ್ತರ ಆಸುಪಾಸಿನ ಹೆಂಗಸು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ನಿಂತೇ ಹೇಳಿದರು: "ನಮಸ್ಕಾರ ಸ್ವಾಮೇರೆ. ನಾನು ಹೊನ್ನೂರಮ್ಮ ಅಂತ, ಭಾನುವಾರದೋಳು. ಹಳೇ ಭಟ್ಟಿಗೆ ಇಪ್ಪತ್ತೆರಡು ವರ್ಷ ಭಾನುವಾರ ಭಾನುವಾರ ಸೌದೆ ಹಾಕೀನಿ. ಪುಸ್ತಕ ಬರೀತೀರಂತೆ, ಅದ್ರಾಗೆ ಭಾನುವಾರ ಇಲ್ಲಂತೆ. ಇಂಥ ಕಡೀಕೆ ಮೊದಲ್ನೇ ಸಲ ಬಂದೀನಿ, ಕೈಕಾಲು ನಡುಗ್ತಾವೆ. ತಪ್ಪು ಮಾತಾಡಿದ್ರೆ ಹೊಟ್ಟೆಗೆ ಹಾಕ್ಕಳ್ರಿ."

ಅಧ್ಯಕ್ಷರು ಮೃತ್ಯುಂಜಯಪ್ಪನವರು, ಸೋಮವಾರದವರು, ಹಿಂದೆ ಜನರಲ್ ಮ್ಯಾನೇಜರ್ ಆಗಿದ್ದವರು. ಸಜ್ಜನರು. "ಹೆದರ್ಕೋಬೇಡಿ ತಾಯಿ, ನಿಧಾನವಾಗಿ ಹೇಳಿ" ಎಂದರು.

ಹೊನ್ನೂರಮ್ಮ ಹೇಳಿದ್ದರ ಸಾರಾಂಶ ಹೀಗೆ. ಹಳೆಯ ಭಟ್ಟಿಗೆ ಶನಿವಾರ ಸಂಜೆ ಬೆಂಕಿ ಹಚ್ಚಿ ಕಾಯಂ ಕೆಲಸಗಾರರು ಮನೆಗೆ ಹೋಗುತ್ತಿದ್ದರು. ಭಾನುವಾರ ಉರಿಸಲು ಬಿಡಿ ಕೂಲಿಯವರು ಬರುತ್ತಿದ್ದರು. ಒಟ್ಟಿಟ್ಟ ಒಣ ಸೌದೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಪ್ರತಿ ಭಾನುವಾರ ಮುಗಿಯುತ್ತಿತ್ತು. ಅದು ಭಾನುವಾರದವರಿಗೆ ಮಾತ್ರ ನೆನಪಿದ್ದುದರಿಂದ ಯಾರೂ ಹೆಚ್ಚು ಒಟ್ಟಲಿಲ್ಲ. ಬೆಂಕಿ ಆರಬಾರದೆಂದು ಕೆರೆ ಏರಿಯ ಹಸಿ ಜಾಲಿ ಕಡಿದು ತಂದು ಹಾಕುತ್ತಿದ್ದರು, ಹದಿನೆಂಟು ಕಟ್ಟು. ಹಸಿ ಸೌದೆಗೆ ದಟ್ಟವಾದ ಹೊಗೆ ಏಳುತ್ತಿತ್ತು. ಸಾಹೇಬರ ಮನೆಗಳಲ್ಲಿ ಒಣಹಾಕಿದ ಬಟ್ಟೆ ಕಪ್ಪಾಗಿ ಬೈಗುಳ ಬರುತ್ತಿತ್ತು. ಹಾಗಿದ್ದರೂ ಸಂಜೆವರೆಗೆ ಹಾಕುತ್ತಿದ್ದರು.

"ಭಾನುವಾರ ಕಂಪನಿಗೆ ರಜ ಇತ್ತಲ್ಲ ತಾಯಿ" ಎಂದರು ಅಧ್ಯಕ್ಷರು. "ರಜದ ದಿನ ಕಂಪನಿ ಇರೋದಿಲ್ಲ. ಇಲ್ಲದ ದಿನದ ಚರಿತ್ರೆ ಹೇಗೆ ಬರೆಯೋದು?"

"ಭಟ್ಟಿಗೆ ರಜ ಇರ್ಲಿಲ್ಲ ಸ್ವಾಮಿ."

ಇಮಾಮ್ ಸಾಬರು ನಕ್ಕರು. "ಆಯಮ್ಮ ಹೇಳೋದು ಖರೆ. ಶನಿವಾರ ಬೆಂಕಿ ಹಚ್ಚಿದೋನು ನಾನೇ."

"ಹಾಗಾದ್ರೆ ಭಾನುವಾರ ಯಾರು ಉರಿಸ್ತಿದ್ರು ಸಾಬ್ರೇ?" ಎಂದು ಅಂಬುಜಾಕ್ಷಿ ಕೇಳಿದರು.

"ಯಾರೋ ಉರಿಸ್ತಿದ್ರು ಕಣಮ್ಮ. ಬೆಂಕಿ ನಿಲ್ಲಿಸಬೇಡಿ ಅಂತ ಚೀಟಿ ಅಂಟಿಸಿ ಹೋಗ್ತಿದ್ದೆ. ನಿಂತಿರ್ತಿರ್ಲಿಲ್ಲ."

ಹೊನ್ನೂರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು: "ನಿಮ್ಮ ನೆನಪಿನ ದಿನದಾಗೆ ಒಂದು ಸಲ ಕೆಲಸ, ಒಂದು ಸಲ ಹಬ್ಬ. ನನಗೆ ನೆನಪಿರೋದು ಭಾನುವಾರ ಒಂದೇ. ಇಪ್ಪತ್ತೆರಡು ವರ್ಷದ ಭಾನುವಾರ ಎಲ್ಲಾ ಆ ಭಟ್ಟಿ ಮುಂದೇ ಹೋದ್ವು. ಅದು ಪುಸ್ತಕದಾಗೆ ಇಲ್ಲ ಅಂದ್ರೆ ಇಪ್ಪತ್ತೆರಡು ವರ್ಷ ನಾನು ಇರ್ಲೇ ಇಲ್ಲ ಅಂದಂಗಾತು."

ಅಧ್ಯಕ್ಷರು ಪರಿಶೀಲಿಸುತ್ತೇವೆ ಎಂದು ಕೈಮುಗಿದರು. ಆಕೆ ಹೋದರು. ಆ ದಿನದ ನಡವಳಿಯಲ್ಲಿ ನಾನು ಬರೆದದ್ದು: "ಹೊರಗಿನವರೊಬ್ಬರು ಬಂದು ಮನವಿ ಮಾಡಿದರು." ಇದರಲ್ಲಿ ಸುಳ್ಳೇನೂ ಇಲ್ಲ.

ಯಾಕೆ ಅಷ್ಟೇ ಬರೆದೆ ಎಂಬುದನ್ನು ಹೇಳಬೇಕು. ನಮ್ಮ ಕಂಪನಿ ದೊಡ್ಡದಾದದ್ದು ಒಂದು ಬಿಳುಪಿನಿಂದ. ಅದಕ್ಕೆ ಹಾಲುಬಿಳಿ ಎಂದು ಹೆಸರಿತ್ತು. ಅದು ಸ್ಥಾಪಕರು ಕಂಡುಹಿಡಿದ ಗುಟ್ಟಿನ ಪುಡಿಯಿಂದ ಬಂದದ್ದೆಂದು ಎರಡನೆಯ ಅಧ್ಯಾಯ ಹೇಳುತ್ತದೆ. ಆ ಪುಡಿಯನ್ನು ನಾನು ಪರೀಕ್ಷಿಸಿದ್ದೇನೆ, ಸೀಮೆಸುಣ್ಣ. ಇಪ್ಪತ್ತು ವರ್ಷದ ಹಿಂದೆ ಹಳೆಯ ಭಟ್ಟಿ ಮುಚ್ಚಿ ಗ್ಯಾಸಿನ ಭಟ್ಟಿ ತಂದರು. ಅಂದಿನಿಂದ ಕಪ್ಪುಗಳು ತೆಳು ಹಳದಿಯಾಗಿ ಬರತೊಡಗಿದವು. ಕಾರಣ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದು ವರ್ಷ ಹುಡುಕಿದೆ. ನಮ್ಮ ಕೆರೆಯಂಚಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿದೆ ಎಂದು ವರದಿ ಕೊಟ್ಟೆ. ಮಣ್ಣಿನ ಹೊಂಡ ಮುಚ್ಚಿದರು. ದೂರದಿಂದ ಮಣ್ಣು ತರಿಸಿದರು. ಕಪ್ಪುಗಳು ಹಳದಿಯಾಗಿಯೇ ಬಂದವು. ಕೊನೆಗೆ ಮಾರಾಟ ವಿಭಾಗದವರು ಆ ಬಣ್ಣಕ್ಕೆ ದಂತವರ್ಣ ಎಂದು ಹೆಸರಿಟ್ಟು ಸಮಸ್ಯೆಯನ್ನು ಪರಿಹರಿಸಿದರು. ಚರಿತ್ರೆಯ ಎಂಟನೆಯ ಅಧ್ಯಾಯ "ದಂತವರ್ಣದ ಯುಗ". ಬರೆದವನು ನಾನು.

ಮಣ್ಣಿನಲ್ಲಿರುವ ಕಬ್ಬಿಣ, ಗಾಳಿ ಚೆನ್ನಾಗಿ ಆಡುವ ಬೆಂಕಿಯಲ್ಲಿ ಬೆಂದರೆ ಹಳದಿಯಾಗುತ್ತದೆ. ಹೊಗೆ ತುಂಬಿ ಗಾಳಿ ಸಾಲದಾದರೆ ಅದೇ ಮಣ್ಣು ಬೆಳ್ಳಗಾಗುತ್ತದೆ. ಇದು ಬಿ.ಎಸ್ಸಿ. ಎರಡನೆಯ ವರ್ಷದ ಪಾಠ. ಹನ್ನೊಂದು ವರ್ಷದಲ್ಲಿ ನಾನು ಮಣ್ಣನ್ನು ಕೇಳಿದೆ, ನೀರನ್ನು ಕೇಳಿದೆ, ಸೀಮೆಸುಣ್ಣವನ್ನೂ ಕೇಳಿದೆ. ಬೆಂಕಿಯ ದಾಖಲೆಯನ್ನೂ ನೋಡಿದ್ದೆ. ಅದರಲ್ಲಿ ಆರು ಅಂಕಣಗಳಿದ್ದವು, ಆರೂ ಸರಿಯಾಗಿ ತುಂಬಿದ್ದವು. ಏಳನೆಯದು ಇಲ್ಲವಲ್ಲ ಎಂದು ನನಗೆ ಅನಿಸಲಿಲ್ಲ. ಹೊನ್ನೂರಮ್ಮ ಹೊಗೆಯ ಮಾತೆತ್ತಿದ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು. ಪೆನ್ನಿನ ಮುಚ್ಚಳ ಹಾಕಿದೆ.

ಮುಂದಿನ ಗುರುವಾರ ಹನ್ನೊಂದೂಕಾಲಿಗೆ ಆಕೆ ಮತ್ತೆ ಬಂದರು. ಚಪ್ಪಲಿ ಬಿಟ್ಟರು. "ಇಂಥ ಕಡೀಕೆ ಮೊದಲ್ನೇ ಸಲ ಬಂದೀನಿ, ಕೈಕಾಲು ನಡುಗ್ತಾವೆ" ಎಂದರು.

ಅವರ ಮಟ್ಟಿಗೆ ಅದು ಮೊದಲನೆಯ ಸಲವೇ. ಕಂಪನಿಗೆ ಹೋಗಿ ಹೇಳಬೇಕೆಂದು ಅವರು ನಿಶ್ಚಯಿಸಿದ್ದು ಒಂದು ಭಾನುವಾರ. ಓದುಬರಹ ಬಾರದ್ದರಿಂದ ಪಕ್ಕದ ಮನೆಯವಳ ಕೈಯಲ್ಲಿ ಬಾಗಿಲಿಗೆ ಚೀಟಿ ಅಂಟಿಸಿಕೊಂಡಿದ್ದರು: ಗುರುವಾರ, ಹನ್ನೊಂದು ಗಂಟೆ, ಕಂಪನಿ ಕಚೇರಿ. ಬೆಳಿಗ್ಗೆ ಅದನ್ನು ಓದಿ ಹೇಳುತ್ತಿದ್ದವಳೂ, ಆಮೇಲೆ ನನಗೆ ಇದನ್ನೆಲ್ಲ ತಿಳಿಸಿದವಳೂ ಆ ಪಕ್ಕದ ಮನೆಯವಳೇ. ಹೋಗಿ ಬಂದದ್ದನ್ನು ಬರೆದಿಡುವವರು ಯಾರೂ ಇರಲಿಲ್ಲ. ಚೀಟಿ ಅಲ್ಲೇ ಇತ್ತು, ಗುರುವಾರ ಬರುತ್ತಲೇ ಇತ್ತು. ಸಮಿತಿಯ ಐವರಿಗೂ ಅದು ಮೊದಲನೆಯ ಸಲವೇ. ಅಧ್ಯಕ್ಷರು ಹೆದರ್ಕೋಬೇಡಿ ತಾಯಿ ಎಂದರು. ಭಟ್ಟಿಗೆ ರಜ ಇರ್ಲಿಲ್ಲ ಸ್ವಾಮಿ ಎಂದು ಆಕೆ ಹೇಳಿದರು. ಸಾಬರು ನಕ್ಕರು. ಯಾರು ಉರಿಸ್ತಿದ್ರು ಸಾಬ್ರೇ ಎಂದು ಅಂಬುಜಾಕ್ಷಿ ಕೇಳಿದರು. ಕೋಣೆಯಲ್ಲಿ ಇದನ್ನು ಎರಡನೆಯ ಸಲ ನೋಡುತ್ತಿದ್ದವನು ನಾನೊಬ್ಬನೇ.

ಮೂರನೆಯ ಗುರುವಾರವೂ ಬಂದರು, ನಾಲ್ಕನೆಯ ಗುರುವಾರವೂ ಬಂದರು. ನನಗಿರುವ ಅಭ್ಯಾಸದಿಂದ ನಾನು ಹೇಳಿಕೆಗಳನ್ನು ಹೋಲಿಸಿ ನೋಡಿದೆ. ಪ್ರತಿ ಸಲವೂ ಹದಿನೆಂಟು ಕಟ್ಟು, ಪ್ರತಿ ಸಲವೂ ಜಾಲಿ, ಪ್ರತಿ ಸಲವೂ ಸೌದೆ ಮುಗಿದದ್ದು ಊಟದ ಹೊತ್ತಾಗುವ ಮುಂಚೆ. ಹಿಂದಿನ ಹೇಳಿಕೆಯ ನೆನಪೇ ಇಲ್ಲದ ಸಾಕ್ಷಿ ನಾಲ್ಕು ಸಲ ಒಂದೇ ಮಾತು ಹೇಳುವುದು ವಿಜ್ಞಾನದಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ನಡವಳಿಯಲ್ಲಿ ನಾಲ್ಕು ಸಲವೂ "ಹೊರಗಿನವರೊಬ್ಬರು" ಎಂದೇ ಬರೆದೆ.

ಐದನೆಯ ಗುರುವಾರ ಆಕೆ ಹೊರಟಾಗ ನಾನೂ ಎದ್ದು ಹೊರಗೆ ಹೋದೆ. ಪಡಸಾಲೆಯ ಗೋಡೆ ಹಿಡಿದು ಚಪ್ಪಲಿಗೆ ಕಾಲು ತೂರಿಸುತ್ತಿದ್ದರು.

"ಅಮ್ಮಾ, ನೀವು ಬರ್ತಿರೋದು ಇದು ಐದನೇ ಸಲ" ಎಂದೆ.

ಆಕೆ ತಿರುಗಿ ನೋಡಿದರು. "ಐದಾ? ಐದು ಸಲಾನೂ ಹಿಂಗೇ ಹೆದರಿದ್ನಾ?"

"ಹೌದು."

"ಐದು ಸಲಾನೂ ನೀವು ಅಲ್ಲೇ ಕುಂತಿದ್ರಾ?"

"ಕೂತಿದ್ದೆ."

ಒಂದು ಚಪ್ಪಲಿಗೆ ಕಾಲು ತೂರಿಸಿ ಆಕೆ ಹೇಳಿದರು: "ಹಂಗಾರೆ ನಿಮಗೆ ಬಾಯಿಪಾಠ ಆಗಿರ್ಬೇಕಲ್ಲ ಸ್ವಾಮಿ. ನೀವೇ ಹೇಳ್ಬಹುದಿತ್ತು."

ಕೋಪದಿಂದ ಹೇಳಿದ್ದಲ್ಲ. ಒಂದು ಅನುಕೂಲವನ್ನು ತೋರಿಸಿಕೊಟ್ಟಂತೆ ಹೇಳಿ, ಎರಡನೆಯ ಚಪ್ಪಲಿಯನ್ನೂ ಹಾಕಿಕೊಂಡು ಹೋದರು.

ಅಂದು ಮಧ್ಯಾಹ್ನವೇ ಪ್ರಯೋಗಾಲಯದ ದಿನಚರಿಯಲ್ಲಿ ನನಗೆ ನಾನೇ ಸೂಚನೆ ಬರೆದಿಟ್ಟೆ. ಪ್ರಯೋಗಾಲಯದ ಹಿಂದೆ ಇಟ್ಟಿಗೆಯ ಒಂದು ಸಣ್ಣ ಭಟ್ಟಿ ಇದೆ. ನಾನು ದೋಷ ಹೊರಿಸಿದ ಕೆರೆ ಮಣ್ಣಿನ ಒಂದು ಮೂಟೆ ಮಾದರಿಯಾಗಿ ಉಳಿದಿತ್ತು. ಅದರಲ್ಲಿ ಎರಡು ಕಪ್ಪು ಮಾಡಿ, ಮಂಗಳವಾರ ಒಂದನ್ನು ಒಣ ಸೌದೆಯಲ್ಲಿ, ಬುಧವಾರ ಇನ್ನೊಂದನ್ನು ಹಸಿ ಜಾಲಿಯಲ್ಲಿ ಸುಡಬೇಕು. ಗುರುವಾರ ಬೆಳಿಗ್ಗೆಯವರೆಗೆ ಎರಡನೆಯದನ್ನು ತೆಗೆಯಬಾರದು. ಗುರುವಾರ ಬಂದು ದಿನಚರಿ ಓದಿದೆ. ಬುಧವಾರದ ಪುಟದಲ್ಲಿ ನನ್ನದೇ ಅಕ್ಷರ: "ಹೊಗೆ ವಿಪರೀತ. ಕಣ್ಣುರಿ. ಅಧಿಕಾರಿಗಳ ಮನೆಯವರು ಬಂದು ಬೈದು ಹೋದರು." ಭಟ್ಟಿ ತೆರೆದೆ. ಇಪ್ಪತ್ತು ವರ್ಷದಿಂದ ಯಾರೂ ಕಾಣದಿದ್ದ ಬಿಳುಪು ಅಲ್ಲಿತ್ತು.

ಮಂಗಳವಾರದ ಹಳದಿ ಕಪ್ಪು, ಬುಧವಾರದ ಬಿಳಿ ಕಪ್ಪು, ಎರಡನ್ನೂ ಸಮಿತಿಯ ಮೇಜಿನ ಮೇಲೆ ಇಟ್ಟೆ. ಹೊನ್ನೂರಮ್ಮ ಬರುವ ಹೊತ್ತಾಗಿತ್ತು. ಅವರು ಬಂದು ಚಪ್ಪಲಿ ಬಿಟ್ಟಾಗ ನಾನೇ ಎದ್ದು ಹೋಗಿ, "ಕೂತ್ಕೊಳ್ಳಿ ಅಮ್ಮ, ಇವತ್ತು ನಾನು ಹೇಳ್ತೀನಿ" ಎಂದೆ. ಆಕೆಯ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ತನ್ನ ಮನೆಯೊಳಗಿನ ಮಾತು ಪರರ ಬಾಯಲ್ಲಿ ಬಂದಾಗ ನೋಡುವ ಹಾಗೆ ಅವರು ನನ್ನನ್ನೇ ನೋಡುತ್ತಿದ್ದರು. ಇಮಾಮ್ ಸಾಬರು ಬಿಳಿಯ ಕಪ್ಪನ್ನು ಕೈಗೆತ್ತಿಕೊಂಡು ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದರು. ಈ ಸಲ ನಗಲಿಲ್ಲ. "ನಮ್ಮ ಭಟ್ಟಿದೇ ಇದು" ಎಂದರು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಅಧ್ಯಕ್ಷರು ಉಳಿದರು.

"ರುದ್ರಮುನಿಯವರೇ, ಇದನ್ನ ಹಾಕಿದ್ರೆ ಎಂಟನೇ ಅಧ್ಯಾಯ ನಿಲ್ಲೋದಿಲ್ಲ."

"ಗೊತ್ತು ಸಾರ್."

"ಹೊಂಡ ಮುಚ್ಚಿಸಿದ ವರದಿಗೆ ಸಹಿ ನಿಮ್ಮದು. ಹನ್ನೊಂದು ವರ್ಷ ಏನು ಮಾಡ್ತಿದ್ರಿ ಅಂತ ಕೇಳ್ತಾರೆ."

"ಕೇಳ್ತಾರೆ ಸಾರ್."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ನಾಳೆ ಬೆಳಿಗ್ಗೆ ನಿಮ್ಮನ್ನ ಬಿಟ್ಟು ಇಲ್ಲಿದ್ದ ಯಾರಿಗೂ ಇದು ನೆನಪಿರಲ್ಲ. ನನಗೂ ಇರಲ್ಲ, ಆ ತಾಯಿಗೂ ಇರಲ್ಲ. ಹಾಕಿ ಅಂತ ನಾನು ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ನಡವಳಿ ಬರೆಯೋರು ನೀವು." ಇಷ್ಟು ಹೇಳಿ ಊಟಕ್ಕೆ ಹೋದರು. ಅವರು ನನಗೆ ಉಪಕಾರ ಮಾಡುತ್ತಿದ್ದರು ಎಂಬುದರಲ್ಲಿ ಅನುಮಾನವಿಲ್ಲ.

ಮೂರು ಗಂಟೆಯವರೆಗೆ ಆ ಕೋಣೆಯಲ್ಲಿ ಕೂತಿದ್ದೆ. "ಹೊರಗಿನವರೊಬ್ಬರು" ಎಂದು ಇನ್ನೊಂದು ಸಲ ಬರೆದರೆ ಸಾಕಿತ್ತು. ಮುಂದಿನ ಗುರುವಾರ ಆಕೆ ಮತ್ತೆ ಬರುತ್ತಿದ್ದರು, ಮತ್ತೆ ಹೆದರುತ್ತಿದ್ದರು. ಅದು ನನಗೊಬ್ಬನಿಗೇ ಗೊತ್ತಿರುತ್ತಿತ್ತು. ನಾನು ಸಾಯುವವರೆಗೆ ಬರುವ ಗುರುವಾರಗಳು ಸುಮಾರು ಎಷ್ಟೆಂದು ಎಣಿಸಿ ನೋಡಿದೆ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಆರು ಗುರುವಾರಗಳಲ್ಲಿ ನಡೆದದ್ದನ್ನು ತಾರೀಖು ಸಹಿತ ಬರೆದೆ. ಎರಡನೆಯ ಅಧ್ಯಾಯಕ್ಕೆ ಸೇರಿಸಲು ಹೊನ್ನೂರಮ್ಮನವರ ಹೆಸರಿನಲ್ಲಿ ಒಂದೂವರೆ ಪುಟ ಬರೆದೆ. ಎಂಟನೆಯ ಅಧ್ಯಾಯದ ಕೊನೆಗೆ ಎರಡು ವಾಕ್ಯ ಸೇರಿಸಿದೆ: "ಈ ತನಿಖೆಯ ತೀರ್ಮಾನ ತಪ್ಪಾಗಿತ್ತು. ತನಿಖೆ ನಡೆಸಿದವರು ಈ ಅಧ್ಯಾಯದ ಲೇಖಕರೇ."

ಮುಂದಿನ ಗುರುವಾರ ನಡವಳಿ ಓದಿದೆ. ಐವರೂ ಬೇರೆ ಯಾವುದೋ ಊರಿನ ಸುದ್ದಿ ಕೇಳುವಂತೆ ಕೇಳಿದರು. ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದು ಹೋದ ವಾರ ನಡೀತಾ?"

"ನಡೀತು ಸಾರ್."

"ನಾನು ಒಪ್ಪಿದೆನಾ?"

"ಬೇಡ ಅನ್ನಲಿಲ್ಲ."

"ಹೌದು, ನಾನು ಹಾಗೇ ಅಂದಿರ್ತೀನಿ" ಎಂದು ಸಹಿ ಹಾಕಿದರು. ನಾನು ಅಂದೇ, ಏಳನೆಯ ಸಲ ಬಂದಿದ್ದ ಹೊನ್ನೂರಮ್ಮನವರ ಜೊತೆಯಲ್ಲೇ ಅವರ ಮನೆಗೆ ಹೋಗಿ, ಅವರಿಗೆ ಹೇಳಿ ಬಾಗಿಲಿನ ಚೀಟಿಯನ್ನು ಕಿತ್ತೆ.

ಪುಸ್ತಕ ಒಂದು ಶುಕ್ರವಾರ ಬಿಡುಗಡೆಯಾಯಿತಂತೆ. ಹನ್ನೊಂದು ವರ್ಷ ಏನು ಮಾಡುತ್ತಿದ್ದಿರಿ ಎಂದು ಸಭೆಯಲ್ಲಿ ಇಬ್ಬರು ಕೇಳಿದರೆಂದೂ, ನಾನು ಉದ್ದವಾಗಿ ಉತ್ತರ ಕೊಟ್ಟೆನೆಂದೂ ಶುಕ್ರವಾರದ ಸದಸ್ಯರು ಹೇಳಿದರು. ಆ ಮೇಲೆ ಉಳಿದದ್ದು ಒಂದೇ ಕೆಲಸ. ಹೊನ್ನೂರಮ್ಮನವರಿಗೆ ಓದು ಬಾರದು. ಗುರುವಾರ ಓದಿ ಹೇಳಿದರೆ ಶುಕ್ರವಾರಕ್ಕೆ ಅವರ ಪಾಲಿಗೆ ಅದು ನಡೆದೇ ಇರುವುದಿಲ್ಲ. ಭಾನುವಾರವೇ ಓದಬೇಕು. ಭಾನುವಾರ ಓದಿದರೆ ನನಗೆ ನೆನಪಿರುವುದಿಲ್ಲ. ಅದು ಅಡ್ಡಿಯಲ್ಲ ಎಂದು ತೀರ್ಮಾನಿಸಿ ಗುರುವಾರವೇ ಒಂದು ಕಾಗದ ಬರೆದು ಪುಸ್ತಕದೊಳಗೆ ಇಟ್ಟೆ: "ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊನ್ನೂರಮ್ಮನವರ ಮನೆಗೆ ಹೋಗಬೇಕು. ಪುಟ ನಲವತ್ತೆರಡು, ನಲವತ್ತಮೂರು. ದೊಡ್ಡ ಧ್ವನಿಯಲ್ಲಿ, ನಿಧಾನವಾಗಿ ಓದಬೇಕು."

ಮುಂದಿನ ಗುರುವಾರ ಪುಸ್ತಕ ತೆರೆದಾಗ ಕಾಗದ ಅಲ್ಲೇ ಇತ್ತು. ಸೂಚನೆಯ ಕೆಳಗೆ, ತೊಡೆಯ ಮೇಲಿಟ್ಟುಕೊಂಡು ಬರೆದಂಥ ಸೊಟ್ಟ ಸಾಲುಗಳಲ್ಲಿ, ನನ್ನದೇ ಅಕ್ಷರ: "ಓದಿದೆ. ಮೂರು ಸಲ ಓದಿಸಿದರು. ಎರಡನೆಯ ಸಲಕ್ಕೆ ಓಣಿಯ ಭಾನುವಾರದವರೆಲ್ಲ ಬಂದು ಕೂತರು. ಪುಟ ನಲವತ್ತೆರಡು, ಸಾಲು ಒಂಬತ್ತು ತಪ್ಪು: ಹಸಿ ಸೌದೆ ತಂದವರು ಒಬ್ಬರಲ್ಲ, ಹನ್ನೊಂದು ಮಂದಿ. ಹೆಸರುಗಳು ಹಿಂಬದಿಯಲ್ಲಿ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಬರೆದುಕೊಳ್ಳುವುದು ಕಷ್ಟ. ಮುಂದಿನ ಭಾನುವಾರವೂ ಬರಬೇಕಂತೆ."

ಕಾಗದ ತಿರುಗಿಸಿದೆ. ಹನ್ನೊಂದು ಹೆಸರುಗಳಿದ್ದವು, ಎಂಟಕ್ಕೆ ತೀರಿಕೊಂಡಿದ್ದಾರೆ ಎಂಬ ಗುರುತು ಹಾಕಿತ್ತು. ಹದಿನೆಂಟು ಕಟ್ಟು ಹಸಿ ಜಾಲಿಯನ್ನು ಒಬ್ಬ ಹೆಂಗಸು ಒಂದು ಮಧ್ಯಾಹ್ನದಲ್ಲಿ ಹೊರಲಾರಳು ಎಂಬ ಸರಳ ವಿಷಯ, ಐದು ಸಲ ಕೇಳಿ, ಒಂದು ಸಲ ನಾನೇ ಹೇಳಿಯೂ ನನಗೆ ಹೊಳೆದಿರಲಿಲ್ಲ. ಹೆಸರುಗಳನ್ನು ಮುಂದಿನ ಮುದ್ರಣಕ್ಕೆಂದು ಇಟ್ಟಿದ್ದ ತಿದ್ದುಪಡಿ ಪಟ್ಟಿಗೆ ಸೇರಿಸಿದೆ. ಆಧಾರ ಎಂಬ ಕಡೆ ಭಾನುವಾರ ಎಂದಷ್ಟೇ ಬರೆದೆ.

ಅಂದಿನಿಂದ ಪ್ರತಿ ವಾರವೂ ಹೋಗುತ್ತಿದ್ದೇನೆಂದು ಕಾಣುತ್ತದೆ. ತಿದ್ದುಪಡಿ ಪಟ್ಟಿ ನಲವತ್ತು ಪುಟ ದಾಟಿದೆ. ಅಲ್ಲಿ ಏನೇನು ನಡೆಯುತ್ತದೆಂದು ನನಗೆ ತಿಳಿಯದು. ಸೋಮವಾರ ಬೆಳಿಗ್ಗೆ ನನ್ನ ಗಂಟಲು ಪೂರ್ತಿ ಕೂತಿರುತ್ತದೆ ಎಂದು ಕಾತ್ಯಾಯಿನಿ ಹೇಳುತ್ತಾಳೆ.